ಅಭಾದ ಆಲಿಕಲ್ಲಿನಲ್ಲಿ ನಳಿನಕ್ಕ

ಸೌದಿ ಅರೇಬಿಯಾದ ಬೆಟ್ಟದೂರು ಅಭಾದ ಒಂದು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಕಾರ್ಕಳದ ನಳಿನಾಕ್ಷಿ ಎಂಬ ನರ್ಸ್ ಇದ್ದಾರೆ. ನಮ್ಮ ಕಡೆಯವರಿಗೆಲ್ಲ ನಳಿನಕ್ಕ. ಮದುವೆಯಾಗಿಲ್ಲ. ಯಾಕೆಂದು ಕೇಳಿದರೆ, ಹೆರಿಗೆ ಕೋಣೆಯನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೂ ಮದುವೆಯಾಗಬೇಕಾದರೆ ತಲೆ ಕೆಟ್ಟಿರಬೇಕು ಎನ್ನುತ್ತಾರೆ. ಕೇಳಿದವಳು ಮೊನ್ನೆ ತಾನೇ ಮದುವೆಯಾಗಿ ಬಂದವಳಾದರೂ ಅದೇ ಉತ್ತರ.

ಅವರ ಅರಬ್ಬಿಯದ್ದು ಬೇರೆಯೇ ಕಥೆ. ಆ ಭಾಷೆಯಲ್ಲಿ ಗಂಡಸಿಗೆ ಹೇಳುವ ರೂಪ ಒಂದು, ಹೆಂಗಸಿಗೆ ಇನ್ನೊಂದು. ನಳಿನಕ್ಕ ಅರಬ್ಬಿ ಕಲಿತದ್ದೆಲ್ಲ ಬಸುರಿಯರ ಮಂಚದ ಪಕ್ಕ. ಹಾಗಾಗಿ ಅವರಿಗೆ ಬರುವುದು ಎರಡನೆಯದು ಮಾತ್ರ. ಗಡ್ಡದ ಅಂಗಡಿಯವನನ್ನೂ ಟ್ರಾಫಿಕ್ ಪೊಲೀಸನನ್ನೂ ಅವರು 'ಬಾರಮ್ಮ, ಹೋಗಮ್ಮ' ಎಂಬ ಧಾಟಿಯಲ್ಲೇ ಮಾತಾಡಿಸುತ್ತಾರೆ. ತಿದ್ದಲು ಹೋದವರಿಗೂ ಅಮ್ಮನ ಪಟ್ಟ ಸಿಗುತ್ತದೆ.

ಎರಡು ವರ್ಷದ ಹಿಂದೆ, ಏಪ್ರಿಲ್‌ನ ಒಂದು ಶುಕ್ರವಾರ, ವಿಟ್ಲದ ಮೊಯ್ದು ಮತ್ತು ಅವನ ಹೆಂಡತಿ ಬೀಫಾತಿಮಾ ನಳಿನಕ್ಕನನ್ನು ಸೂದಾ ಬೆಟ್ಟಕ್ಕೆ ಊಟಕ್ಕೆಂದು ಕರೆದುಕೊಂಡು ಹೋದರು. ಮೊಯ್ದು ಹೋಟೆಲುಗಳಿಗೆ ತರಕಾರಿ ಹಾಕುವವನು. ನಾಲ್ಕೂ ಚಕ್ರ ಎಳೆಯುವ ಪಿಕಪ್ ಇದೆ ಎಂಬ ಜಂಬ ಅವನಿಗೆ ವಿಪರೀತ. ಬೆಟ್ಟದ ಮೇಲೆ ಬೀಫಾತಿಮಾಳ ಕೋಳಿ ಸುಕ್ಕ ಮುಗಿಯಿತು, ಫ್ಲಾಸ್ಕಿನ ಚಹಾವೂ ಮುಗಿಯಿತು. ಚಹಾದ ಮುಕ್ಕಾಲು ಪಾಲು ನಳಿನಕ್ಕನೇ ಕುಡಿದರು.

ಇಳಿಯುವಾಗ ಆಕಾಶ ಕಪ್ಪಾಯಿತು. ಗೋಲಿಯಷ್ಟು ದಪ್ಪದ ಆಲಿಕಲ್ಲು ಪಿಕಪ್ಪಿನ ಮೇಲೆ ತಮಟೆ ಬಾರಿಸಿತು. ಅದು ನಿಲ್ಲುವಷ್ಟರಲ್ಲಿ ರಸ್ತೆ, ಚರಂಡಿ, ಬಂಡೆ ಎಲ್ಲ ಒಂದೇ ಬಿಳುಪು. ತಂಪು ಹವೆಗೆಂದು ರಿಯಾದಿನಿಂದ ಬಂದ ಸಂಸಾರಗಳು ಕಾರು ನಿಲ್ಲಿಸಿ, ಹಿಮ ಬಿತ್ತೆಂದು ಕುಣಿದು, ಫೋಟೋ ತೆಗೆದು, ಮತ್ತೆ ಹತ್ತಿ ಕುಳಿತವು. ಹೊರಡಲು ನೋಡಿದರೆ ಚಕ್ರ ತಿರುಗುತ್ತದೆ, ಕಾರು ಹೋಗುವುದಿಲ್ಲ. ಮರಳುಗುಡ್ಡದ ಮೇಲೆ ಕಾರು ಹಾರಿಸುವ ಧೀರರಿಗೆ ಗೊತ್ತಿದ್ದ ಮದ್ದು ಒಂದೇ, ಇನ್ನೂ ಜೋರಾಗಿ ಎಕ್ಸಿಲರೇಟರ್ ಒತ್ತುವುದು. ಒತ್ತಿದಷ್ಟೂ ಕಾರು ಹೂತು, ಮೆಲ್ಲಗೆ ಚರಂಡಿಯ ಕಡೆ ಜಾರಿತು.

ದಾರಿ ಪೂರ್ತಿ ಕಟ್ಟಿತು. ಚಹಾ ತನ್ನ ಕೆಲಸ ಶುರು ಮಾಡಿತ್ತು. ನಳಿನಕ್ಕ ಎರಡು ಸಲ ಕಾಲು ಬದಲಿಸಿ ಕುಳಿತು ನೋಡಿದರು, ಆಮೇಲೆ ಬಾಗಿಲು ತೆರೆದರು.

"ಮೊಯ್ದು, ಹಗ್ಗ ತೆಗಿ ಮಾರಾಯ. ಇವರೆಲ್ಲ ಹೋಗದೆ ನಾವು ಹೋಗುವ ಹಾಗಿಲ್ಲ. ನನಗೆ ತುರ್ತುಂಟು."

ಆ ದಿನದ ಪರೋಪಕಾರದ ಮೂಲ ಇಷ್ಟೇ.

ಮೊಯ್ದು ತರಕಾರಿ ಕ್ರೇಟು ಕಟ್ಟುವ ಹಗ್ಗವನ್ನು ಕಾರುಗಳ ಕೊಕ್ಕೆಗೆ ಬಿಗಿದು ಎಳೆದ. ನಳಿನಕ್ಕ ಕಾರುಗಳೊಳಗಿನ ಮ್ಯಾಟುಗಳನ್ನು ಕೇಳದೆಯೇ ಕಿತ್ತು ಚಕ್ರದಡಿ ತುರುಕಿದರು. ಸುಮ್ಮನೆ ನಿಂತಿದ್ದ ಗಂಡಸರನ್ನು ಹಿಂದೆ ಸಾಲು ನಿಲ್ಲಿಸಿ, ದಿನವೂ ವಾರ್ಡಿನಲ್ಲಿ ಕೂಗುವ ದನಿಯಲ್ಲೇ "ಇದ್ಫಯಿ, ಇದ್ಫಯಿ" ಎಂದು ಕೂಗಿದರು. ಅಂದರೆ ನೂಕಮ್ಮ, ನೂಕಮ್ಮ. ಮೀಸೆ ಹೊತ್ತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆದರೂ ನೂಕಿದರು. ಒಂದೊಂದೇ ಕಾರು ಹೊರಬಂದು, ಹಿಂತಿರುಗಿ ನೋಡದೆ ಇಳಿದು ಹೋಯಿತು. ಪ್ರತಿ ಕಾರೂ ಹೋಗುವಾಗ ನಳಿನಕ್ಕನ ಮೇಲೆ ಕೆಸರು ಮಂಜು ಎರಚಿತು. ಪ್ರತಿ ಸಲವೂ ಅವರು ತುಳುವಿನಲ್ಲಿ ಆ ಕಾರಿನ ಯಜಮಾನನ ವಂಶಾವಳಿ ಬಿಡಿಸಿಟ್ಟರು. ಬೀಫಾತಿಮಾ ಪಿಕಪ್ಪಿನೊಳಗೆ ಬೆಚ್ಚಗೆ ಕುಳಿತು ಮೊಬೈಲಿನಲ್ಲಿ ವೀಡಿಯೊ ತೆಗೆಯುತ್ತಿದ್ದಳು.

ಕೊನೆಗೆ ಉಳಿದದ್ದು ಒಂದು ದೊಡ್ಡ ಕಾರು. ಅದರ ಯಜಮಾನ ಅಬ್ದುಲ್ ಹಕೀಮ್ ಬಿಳಿ ನಿಲುವಂಗಿಯ ಮಡಿಕೆ ಮುರಿಯದಂತೆ ಸ್ಟಿಯರಿಂಗ್ ಹಿಡಿದು ಕುಳಿತಿದ್ದ. ಹೀಟರ್ ಉರಿಯುತ್ತಿತ್ತು. ಇಳಿದು ನೂಕು ಎಂದದ್ದಕ್ಕೆ, ಅದು ಕೆಲಸದವರು ಮಾಡುವ ಕೆಲಸ ಎಂದ. ನಳಿನಕ್ಕ ಗಾಜಿಗೆ ಕುಟ್ಟಿ ಮತ್ತೆ ಕೂಗಿದರು. ಆಗ ಹಿಂದಿನ ಗಾಜು ಇಳಿಯಿತು. ಒಳಗಿದ್ದ ಹೆಂಗಸು ಅವನ ಹೆಂಡತಿ ಬಸ್ಮಾ. ತವರು ಅಭಾ, ಹಿಂದೆ ಚೊಚ್ಚಲ ಹೆರಿಗೆ ಆದದ್ದು ನಳಿನಕ್ಕನ ವಾರ್ಡಿನಲ್ಲೇ. ಮುಖ ಮರೆತಿದ್ದರೂ ಆ ದನಿ ಅವಳಿಗೆ ಮರೆತಿರಲಿಲ್ಲ. ಸಿಸ್ಟರ್ ನಳಿನಾಕ್ಷಿಯಾ ಎಂದು ಕೇಳಿ ಖಚಿತ ಮಾಡಿಕೊಂಡು, ಗಂಡನ ಕಡೆ ತಿರುಗಿದಳು.

"ಇವರ ಎದುರು ನಾನು ಇಡೀ ಹಗಲು ನೂಕಿದ್ದೇನೆ. ನೀವು ಒಂದು ಗಳಿಗೆ ನೂಕಿದರೆ ಸಾಯುವುದಿಲ್ಲ. ಇಳಿಯಿರಿ."

ಅವನು ಇಳಿದ. ಬಸ್ಮಾ ಮುಂದೆ ಬಂದು ಸ್ಟಿಯರಿಂಗ್ ಹಿಡಿದಳು. ಅಬ್ದುಲ್ ಹಕೀಮ್ ಮೊದಲ ಸಲ ನೂಕಿದಾಗ ಚಪ್ಪಲಿ ಜಾರಿ ಮಂಜಿನಲ್ಲಿ ಬೋರಲು ಬಿದ್ದ. ನಳಿನಕ್ಕ ಅವನ ಬೆನ್ನು ಸವರಿ, ಈಗ ಉಸಿರು ತಗೋಮ್ಮ, ಮುಂದಿನ ನೋವು ಬಂದಾಗ ನೂಕಿದರಾಯಿತು ಎಂದರಂತೆ. ಅಭ್ಯಾಸಬಲ. ಬಸ್ಮಾ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕಳು. ಎರಡನೆಯ ನೂಕಿಗೆ ಕಾರು ರಸ್ತೆಗೆ ಬಂತು. ಅವನ ಮುಖದಲ್ಲಿ ಮಂಜು, ಗಡ್ಡದಲ್ಲಿ ಮಂಜು. ಆದರೆ ಗೆದ್ದವನ ಹಾಗೆ ಎರಡೂ ಕೈ ಮೇಲೆತ್ತಿದ. ಅವನೂ ನಗುತ್ತಿದ್ದ.

ಅಷ್ಟರಲ್ಲಿ ಹಿಂದೆ ಮುಂದೆ ಎಳೆದಾಡಿದ ಮೊಯ್ದುವಿನ ಪಿಕಪ್ಪೇ ಚರಂಡಿಗೆ ಇಳಿದಿತ್ತು. ನಾಲ್ಕೂ ಚಕ್ರ ಎಳೆಯುತ್ತಿದ್ದವು, ಪಾತಾಳದ ಕಡೆಗೆ. ಅಬ್ದುಲ್ ಹಕೀಮ್ ಈಗ ಉಮೇದಿನಿಂದ ತಾನಾಗಿಯೇ ನೂಕಲು ಬಂದ, ಆದರೆ ಅದು ಅಲುಗಲಿಲ್ಲ. ನಳಿನಕ್ಕ ಮೊಯ್ದುವನ್ನು ನೋಡಿದರು, ಪಿಕಪ್ಪನ್ನು ನೋಡಿದರು, ಆಮೇಲೆ ಬಸ್ಮಾಳ ಕಾರಿನ ಹಿಂದಿನ ಸೀಟಿಗೆ ಹತ್ತಿದರು.

"ನಳಿನಕ್ಕ, ನಮ್ಮನ್ನು ಬಿಟ್ಟು ಹೋಗುವುದಾ?" ಎಂದು ಮೊಯ್ದು ಕೇಳಿದ.

"ನಿನಗೆ ಪಿಕಪ್ ಎಳೆಯಬೇಕು. ನನಗೆ ಅದಕ್ಕೆಲ್ಲ ಪುರುಸೊತ್ತಿಲ್ಲ."

ಬಸ್ಮಾಳ ತವರುಮನೆ ತಲುಪಿದವರೇ ನಳಿನಕ್ಕ, ಸ್ವಾಗತಕ್ಕೆ ಕಾಫಿ ಹಿಡಿದು ನಿಂತ ಮುದುಕಿಯನ್ನು ದಾಟಿ ನೇರ ಬಚ್ಚಲಿಗೆ ನಡೆದರು. ಮೊಯ್ದು ದಂಪತಿ ಬುಲ್ಡೋಜರ್ ಬರುವವರೆಗೆ ಖಾಲಿ ಫ್ಲಾಸ್ಕ್ ಇಟ್ಟುಕೊಂಡು ನಡುಗಿದರು.

ಬೀಫಾತಿಮಾ ಆ ವೀಡಿಯೊವನ್ನು ಮನೆಯವರ ಗುಂಪಿಗೆ ಕಳಿಸಿದಳು. ಅಲ್ಲಿಂದ ಅದು ಎರಡು ಕಡೆ ಹರಿಯಿತು. ಅಭಾದಲ್ಲಿ ನೋಡಿದ ಅರಬರು, ಕಷ್ಟದಲ್ಲಿದ್ದವರಿಗಾಗಿ ಈ ತಾಯಿ ತನ್ನ ಭಾಷೆಯಲ್ಲಿ ಪ್ರಾರ್ಥನೆ ಮಾಡುತ್ತಿದ್ದಾಳೆ ಎಂದು ಬರೆದರು, ಕೆಲವರು ಆಮೀನ್ ಎಂದೂ ಸೇರಿಸಿದರು. ಕಾರ್ಕಳದಲ್ಲಿ ನೋಡಿದವರಿಗೆ ಆ ಪ್ರಾರ್ಥನೆಯ ಪ್ರತಿ ಪದವೂ ಅರ್ಥವಾಯಿತು. ನಳಿನಕ್ಕನ ಅಣ್ಣ ಫೋನ್ ಮಾಡಿ, ಎರಡು ದಿನದಿಂದ ಪೇಟೆಗೆ ಮುಖ ತೋರಿಸುವ ಹಾಗಿಲ್ಲ, ಹೆಂಗಸರ ಬಾಯಲ್ಲಿ ಬರುವ ಮಾತಾ ಅದು ಎಂದು ಗೋಳಾಡಿದರು.

ವಾರ್ಡಿನಲ್ಲಿ ಒಬ್ಬಳಿಗೆ ನೋವು ಏರುತ್ತಿದೆ ಎಂದು ಹೇಳಿ ನಳಿನಕ್ಕ ಫೋನಿಟ್ಟರು. ಆಗ ವಾರ್ಡಿನಲ್ಲಿ ಯಾರೂ ಇರಲಿಲ್ಲ.