ನಮ್ಮನೆ ರೇಡಿಯೋ ಮಾತು ಬಿಟ್ಟಾಗ

ಲಾಂಚು ನಿಲ್ಲೋ ಕಟ್ಟೆಯಲ್ಲಿ ಯಾರನ್ನಾದರೂ "ರೇಡಿಯೋ ಎಲ್ಲಿ?" ಅಂತ ಕೇಳಿ ನೋಡಿ. ಅಂಗಡಿ ತೋರಿಸಲ್ಲ, ನಮ್ಮ ಯಜಮಾನರನ್ನ ತೋರಿಸ್ತಾರೆ. ಬೂದು ಬಣ್ಣದ ಕಾರಿಗೆ ಒರಗಿಕೊಂಡು, ಯಾರದೋ ಸೂಟ್‌ಕೇಸು ಕೈಯಲ್ಲಿ ಹಿಡಿದುಕೊಂಡೇ ಅವರಿಗೆ ದ್ವೀಪದ ಪುರಾಣ ಊದ್ತಾ ನಿಂತಿರ್ತಾರೆ. ಆ ಸೂಟ್‌ಕೇಸು ಡಿಕ್ಕಿ ಸೇರೋ ಹೊತ್ತಿಗೆ ಬಂದವರು ಮಾತಲ್ಲೇ ಅರ್ಧ ದ್ವೀಪ ಸುತ್ತಿ ಮುಗಿಸಿರ್ತಾರೆ.

ಅವರ ಕೆಲಸ ಏನಪ್ಪಾ ಅಂದ್ರೆ, ಒಂದು ದಿನದ ಮಟ್ಟಿಗೆ ಕಾರೂ ನಿಮ್ಮದು, ಅವರೂ ನಿಮ್ಮವರು. ಇಂಥ ಜಾಗಕ್ಕೇ ಹೋಗಬೇಕು, ಇಷ್ಟೇ ಹೊತ್ತು ನಿಲ್ಲಬೇಕು ಅನ್ನೋ ಕಟ್ಟುಪಾಡಿಲ್ಲ. ನಿಲ್ಲಿಸಿ ಅಂದ್ರೆ ನಿಲ್ಲಿಸ್ತಾರೆ, ಬೇಡ ಅಂದ್ರೆ ಮುಂದೆ ಹೋಗ್ತಾರೆ, ಮರದ ಕೆಳಗೆ ಸ್ವಲ್ಪ ಮಲಗ್ತೀನಿ ಅಂದ್ರೆ ಡಿಕ್ಕಿಯಿಂದ ಚಾಪೆ ತೆಗೆದು ಹಾಸ್ತಾರೆ. ಕಂಡವರಿಗೆಲ್ಲ ಇಷ್ಟು ಬಾಗೋ ಮನುಷ್ಯ, ಮನೆಯಲ್ಲಿ ತನ್ನ ಟವೆಲ್ಲು ಬೇರೆ ಮೊಳೆಗೆ ನೇತುಬಿದ್ದಿದ್ರೂ ಮುಖ ಗಂಟು ಹಾಕ್ಕೋತಾರೆ ಅನ್ನೋದು ಬೇರೆ ವಿಷಯ ಬಿಡಿ. ಮಾತೂ ಅಷ್ಟೇ. ಕಾರಲ್ಲಿ ಭೋರ್ಗರೆಯೋ ಬಾಯಿ ಹೊಸ್ತಿಲು ದಾಟಿದ ಕೂಡಲೇ ಬತ್ತಿಹೋಗುತ್ತೆ. "ಇವತ್ತು ಎಲ್ಲಿಗೆ ಹೋಗಿದ್ರಿ?" ಅಂದ್ರೆ "ಅಲ್ಲೇ." "ಬಂದವರು ಏನು ನೋಡಿದ್ರು?" ಅಂದ್ರೆ "ಅದೇ." ಇಷ್ಟಕ್ಕೆ ನಮ್ಮ ಗಂಡ-ಹೆಂಡಿರ ಸಲ್ಲಾಪ ಮುಗೀತು.

ನಾನೇನು ಕೈಕಟ್ಟಿ ಕೂತವಳಲ್ಲ. ಕಟ್ಟೆ ಎದುರಿನ ಲಾಡ್ಜಿನ ಬೆಡ್‌ಶೀಟು, ದಿಂಬಿನ ಕವರು ಎಲ್ಲ ಒಗೆಯೋದು ನಾನೇ. ತಾರಸಿ ಮೇಲೆ ತಗಡಿನ ಮಾಡಿನ ಒಂದು ಕೋಣೆ, ಅದರೊಳಗೆ ನಡುಗೋ ಎರಡು ಮಿಷನ್ನು, ಹೊರಗೆ ಸಾಲು ಸಾಲು ಹಗ್ಗ. ಗಾಳಿ ಜೋರಿದ್ರೆ ಒದ್ದೆ ಬೆಡ್‌ಶೀಟು ಮುಖಕ್ಕೆ ರಪ್ಪಂತ ಹೊಡೆಯುತ್ತೆ, ಬಾಯಿ ತುಂಬ ಕ್ಲಿಪ್ಪು ಕಚ್ಕೊಂಡಿರ್ತೀನಲ್ಲ, ಬೈಯೋಕೂ ಆಗಲ್ಲ. ಪ್ರವಾಸಿಗಳು ಹೆಚ್ಚು ಬಂದಷ್ಟೂ ಅವರಿಗೂ ಪುರುಸೊತ್ತಿಲ್ಲ, ನನಗೂ ಪುರುಸೊತ್ತಿಲ್ಲ. ಹಾಗಾಗಿ ಇದೇ ದ್ವೀಪದಲ್ಲಿ ಹುಟ್ಟಿ ಬೆಳೆದು ನಾನು ಕಂಡಿದ್ದು ಮಾರ್ಕೆಟ್ಟು, ಆಸ್ಪತ್ರೆ, ಸ್ಕೂಲು, ಆ ತಾರಸಿ. ಮದುವೆಯಾದ ಹೊಸದರಲ್ಲಿ ಆಸೆಯಿಂದ ಕೇಳಿದ್ದೆ, "ರೀ, ಒಂದಿನ ನನ್ನನ್ನೂ ಸುತ್ತಾಡಿಸ್ರೀ." "ಅಲ್ಲೇನಿದೆ ಮಣ್ಣು, ಬರೀ ಕಲ್ಲು, ನೀರು" ಅಂದುಬಿಟ್ಟರು. ರಜೆ ದಿನ ಆ ಕಾರಿನ ಬಾಗಿಲು ಕಂಡ್ರೇ ಅವರಿಗೆ ಸೊಂಟ ಹಿಡಿಯುತ್ತೆ. ಕೇಳೀ ಕೇಳೀ ನಾನೂ ಸುಮ್ಮನಾದೆ.

ಇಂಥ ಮನುಷ್ಯನ ಗಂಟಲಿಗೇ ಬಂತು ನೋಡಿ ಗ್ರಹಚಾರ. ಧ್ವನಿ ಮೊದಲು ಒಡೀತು, ಆಮೇಲೆ ತುಕ್ಕು ಹಿಡಿದ ಗೇಟಿನ ಥರ ಕಿರ್ ಅನ್ನೋಕೆ ಶುರುವಾಯ್ತು. ಗಂಟಲೊಳಗೆ ಸಣ್ಣ ಗಂಟಿದೆ ಅಂತ ಡಾಕ್ಟರು ತೆಗೆದರು. "ಕೆಟ್ಟದ್ದೇನಲ್ಲ, ಮಾತಾಡೀ ಮಾತಾಡೀ ಆಗಿದ್ದು" ಅಂದರು. ನನಗೆ ನಗು ತಡೆಯೋಕಾಗಲಿಲ್ಲ. ಮುಂದಿನ ಮಾತು ಕೇಳಿ ಆ ನಗು ಎತ್ತಲೋ ಹೋಯ್ತು. "ನಾನು ಹೇಳೋವರೆಗೂ ತುಟಿ ಪಿಟಕ್ ಅನ್ನಬಾರದು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಈಗ ಬಾಯಿ ಬಿಟ್ಟರೆ ಗಾಯ ನೆಟ್ಟಗೆ ಮಾಯಲ್ಲ. ಆಮೇಲೆ ಧ್ವನಿ ಬರುತ್ತೋ ಇಲ್ವೋ, ನನ್ನನ್ನ ಕೇಳಬೇಡಿ."

ಕಾರು ಓಡಿಸೋರು ಈ ದ್ವೀಪದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇವರನ್ನ ಹುಡುಕ್ಕೊಂಡು ಬರೋದು ಆ ಬಾಯಿಗೋಸ್ಕರ. ಅದೇ ಹೋದ್ರೆ ಇವರಲ್ಲಿ ಇನ್ನೇನು ಉಳಿಯುತ್ತೆ? ನಾನು ಎಷ್ಟೇ ಆಡಿಕೊಳ್ಳಲಿ, ಆವತ್ತು ನಿಜಕ್ಕೂ ಹೆದರಿದೆ.

ಅಷ್ಟರಲ್ಲಿ ಮೊದಲೇ ಒಪ್ಪಿಕೊಂಡಿದ್ದ ಒಂದು ಬಾಡಿಗೆಯ ದಿನ ಬಂದು ಕೂತಿತು. ಇಬ್ಬರು ಅಕ್ಕ-ತಂಗಿ. ಅವರಣ್ಣ ಹೋದ ವರ್ಷ ಇವರ ಕಾರಲ್ಲಿ ಸುತ್ತಿ, ಹೋದ್ರೆ ಆ ರೇಡಿಯೋ ಕಾರಲ್ಲೇ ಹೋಗಿ ಅಂತ ಹೇಳಿ ಕಳಿಸಿದ್ದ. "ಬೇರೆ ಕಾರು ಮಾಡ್ಕೊಳ್ಳಲಿ ಬಿಡ್ರೀ, ನಿಮ್ಮ ಗಂಟಲು ಮುಖ್ಯ" ಅಂದೆ. ತಲೆ ಅಡ್ಡಡ್ಡ ಆಡಿಸಿದರು. ಸ್ಟೇರಿಂಗು ಹಿಡಿದ ಹಾಗೆ ಮಾಡಿ ತಮ್ಮನ್ನ ತೋರಿಸಿದರು, ಬಾಯಿ ಮುಟ್ಟಿ ನನ್ನನ್ನ ತೋರಿಸಿದರು. ನನಗೆ ಅರ್ಥವಾಯ್ತು, ಆಗದವಳ ಥರ ಕೂತೆ. ಕೊನೆಗೆ ಎರಡೂ ಕೈ ಜೋಡಿಸಿ ಮುಗಿದರು. ಇಷ್ಟು ವರ್ಷದ ಸಂಸಾರದಲ್ಲಿ ಈ ಮಹಾಶಯರು ನನಗೆ ಕೈ ಮುಗಿದದ್ದು ಅದೇ ಮೊದಲು. ಇಂಥ ಯೋಗ ಬಿಡೋಕಾಗುತ್ತಾ? ಲಾಡ್ಜಿನವರಿಗೆ ಒಂದು ದಿನ ಬರಲ್ಲ ಅಂತ ಹೇಳಿಬಿಟ್ಟೆ.

ಒಪ್ಪಂದ ಹೀಗಾಯ್ತು. ಅವರು ಕೈಸನ್ನೆ ಮಾಡೋದು, ನಾನು ಮಾತಾಡೋದು. ನಾನು ತಪ್ಪು ಹೇಳಿದ್ರೆ ಹಾರ್ನ್ ಹೊಡೆಯೋದು. "ಏನೇ ಆದ್ರೂ ನೀವು ಬಾಯಿ ತೆರೆದಿರೋ, ಅಲ್ಲೇ ಇಳಿದು ನಡ್ಕೊಂಡು ಮನೆಗೆ ಬರ್ತೀನಿ" ಅಂತ ನಾನೊಂದು ಸೇರಿಸಿದೆ.

ಲಾಂಚಿನಿಂದ ಇಳಿದ ಅಕ್ಕ ನಮ್ಮನ್ನ ನೋಡಿದವರೇ, ನನ್ನನ್ನ ತೋರಿಸಿ "ಇವರು ಯಾರು?" ಅಂತ ಕೇಳಿದರು. ಯಜಮಾನರು ಗಂಟಲು ಮುಟ್ಟಿ, ಬೆರಳು ಅಡ್ಡಡ್ಡ ಆಡಿಸಿ, ನನ್ನ ಕಡೆ ಕೈ ಮಾಡಿದರು. "ಓ, ಗೈಡಾ?" ಅಂದ್ರು ಆಕೆ. ಹೂಂ ಅಂದುಬಿಟ್ಟೆ. ಹೆಂಡತೀನ ಸುತ್ತಾಡಿಸೋಕೆ ನಾವು ದುಡ್ಡು ಕೊಟ್ಟ ಕಾರೇ ಬೇಕಿತ್ತಾ ಅಂದುಕೊಂಡಾರು ಅಂತ ನನ್ನ ಭಯ. ಯಜಮಾನರು ನನ್ನ ಕಡೆ ಓರೆಗಣ್ಣಲ್ಲಿ ನೋಡಿ, ಗೈಡಮ್ಮನಿಗೆ ಬಾಗಿಲು ತೆರೆದು ನಿಂತರು. ಅದೂ ಮೊದಲ ಸಲವೇ.

ದೀಪಸ್ತಂಭದ ಹತ್ತಿರ ನನ್ನ ಮೊದಲ ಪರೀಕ್ಷೆ. ಯಜಮಾನರು ಕೈ ಮೇಲೆತ್ತಿ ಬೆರಳು ಆಡಿಸಿದರು, ಗಲ್ಲದ ಕೆಳಗೆ ಉದ್ದ ಗಡ್ಡ ಎಳೆದು ತೋರಿಸಿದರು, ಕಣ್ಣೊರೆಸಿಕೊಂಡರು, ಬಿರುಗಾಳಿ ಬೀಸಿದ ಹಾಗೆ ಮೈಯೆಲ್ಲ ತೂಗಾಡಿದರು. ನನಗೆ ಒಂದಕ್ಷರ ತಿಳಿಯಲಿಲ್ಲ.

"ಇದು ದೀಪಸ್ತಂಭ" ಅಂದೆ. "ಕತ್ತಲಾದ್ರೆ ಉರಿಯುತ್ತೆ. ಬೆಳಗಾದ್ರೆ ಆರುತ್ತೆ."

ಪೇಂ ಅಂತು ಹಾರ್ನು.

"ಅಣ್ಣ ಯಾರೋ ಗಡ್ಡದ ಮುದುಕನ ಕಥೆ ಹೇಳ್ತಿದ್ದ" ಅಂದರು ಅಕ್ಕ.

"ಹೂಂ, ಗಡ್ಡದ ಮುದುಕ ಇದ್ದ. ಸತ್ತ."

ಪೇಂ, ಪೇಂ, ಪೇಂ! ಪಕ್ಕದಲ್ಲಿ ಮೇಯ್ತಿದ್ದ ಕುರಿಗಳು ಕಂಗಾಲಾಗಿ ಓಡಿದವು. ಯಜಮಾನರು ಹಣೆ ಹಣೆ ಚಚ್ಚಿಕೊಂಡರು. ತಂಗಿ ಹಿಂದಿನ ಸೀಟಲ್ಲಿ ಹೊಟ್ಟೆ ಹಿಡ್ಕೊಂಡು ನಗ್ತಿದ್ದಳು.

ಈ ಅಕ್ಕ-ತಂಗಿಯದು ಎಣ್ಣೆ-ನೀರಿನ ಸಂಬಂಧ. ಅಕ್ಕನಿಗೆ ಎಲ್ಲವೂ ಬೇಕು, ತಂಗಿಗೆ ಎಲ್ಲಾದ್ರೂ ಕೂತ್ಕೊಂಡ್ರೆ ಸಾಕು. "ಬಲಕ್ಕೆ ಹೋಗೋಣ" ಅಂತಾರೆ ಅಕ್ಕ, "ಇಲ್ಲೇ ಚೆನ್ನಾಗಿದೆಯಲ್ಲ" ಅಂತಾಳೆ ತಂಗಿ. ನಾನಾಗಿದ್ರೆ ಇಬ್ಬರನ್ನೂ ಇಳಿಸಿ ಬರ್ತಿದ್ದೆ. ಯಜಮಾನರು ಮಾತ್ರ ಕನ್ನಡಿಯಲ್ಲಿ ಇಬ್ಬರ ಮುಖ ನೋಡಿ, ಹತ್ತೋಕೆ ಗುಡ್ಡವೂ ಇರೋ, ಕೂರೋಕೆ ನೆರಳೂ ಇರೋ ಜಾಗ ಹುಡುಕಿ ಕಾರು ನಿಲ್ಲಿಸ್ತಿದ್ದರು. ಅಕ್ಕ ಹತ್ತಿ ಇಳಿಯೋ ಹೊತ್ತಿಗೆ ತಂಗಿಯ ಒಂದು ಜೊಂಪು ಮುಗಿದಿರ್ತಿತ್ತು. ಕಂಡವರ ಹಟವೆಲ್ಲ ಹೀಗೆ ತೀರಿಸೋ ಜಾಣನಿಗೆ ಹೆಂಡತಿಯ ಒಂದೇ ಒಂದು ಹಟ ತೀರಿಸೋ ದಾರಿ ಹೊಳೆದಿರಲಿಲ್ಲ ನೋಡಿ!

ಇನ್ನು ಆ ದ್ವೀಪ! ಒಂದು ಕಡೆ ಬಿಳೀ ಮರಳು, ಇನ್ನೊಂದು ಕಡೆ ಬಂಡೆ ಸೀಳಿಕೊಂಡು ಮೇಲಕ್ಕೆ ಚಿಮ್ಮೋ ನೀರು. ಎರಡು ಗುಡ್ಡದ ನಡುವೆ ಯಾರ ಚಿತ್ರದಲ್ಲೂ ಕಾಣದಂಥ ಹಸಿರು. ನೋಡ್ತಾ ನೋಡ್ತಾ ಹೊಟ್ಟೆ ಉರಿದುಹೋಯ್ತು. ಬರೀ ಕಲ್ಲು, ನೀರು ಅಂದಿದ್ರಲ್ಲ ಈ ಪುಣ್ಯಾತ್ಮ! ಬೈಯೋಣ ಅಂದ್ರೆ ನಾನು ಗೈಡು. ಬೈದರೂ ತಿರುಗಿ ಬೈಯೋಕೆ ಅವರಿಗೆ ಬಾಯಿಲ್ಲ, ಅಂಥ ಜಗಳದಲ್ಲಿ ಏನು ಸುಖ?

ಮಧ್ಯಾಹ್ನ ದಾಟೋ ಹೊತ್ತಿಗೆ ನನಗೂ ಕೈ ಕುದುರಿತು. ಸಮುದ್ರದಂಚಿಗೆ ಒಂದು ದೊಡ್ಡ ಚಪ್ಪಟೆ ಬಂಡೆ ಕಾಣಿಸ್ತು. ಯಜಮಾನರ ಕೈಸನ್ನೆಗೂ ಕಾಯದೆ ನಾನೇ ಶುರು ಮಾಡಿದೆ: "ಇದು ರಾಕ್ಷಸಿಯೊಬ್ಬಳು ಬೆಡ್‌ಶೀಟು ಒಗೀತಿದ್ದ ಕಲ್ಲು. ಒಂದಿನ ಒಗೆದ ಶೀಟಿನ ಮೇಲೆ ಗಂಡ ಕೆಸರು ಕಾಲಲ್ಲಿ ನಡೆದ. ಆಕೆ ಹಿಂಡಿ ಬಿಸಾಕಿದಳು." "ಶೀಟನ್ನಾ?" ಅಂದರು ಅಕ್ಕ. "ಗಂಡನ್ನ. ಅಗೋ ಆ ಸಣ್ಣ ನಡುಗಡ್ಡೆ ಅವನೇ." ಹಾರ್ನು ಬರಲಿಲ್ಲ. ತಿರುಗಿ ನೋಡಿದ್ರೆ ಯಜಮಾನರು ಸ್ಟೇರಿಂಗಿನ ಮೇಲೆ ತಲೆ ಇಟ್ಟು, ಭುಜ ಕುಣಿಸ್ತಾ, ಸದ್ದಿಲ್ಲದೆ ನಗ್ತಿದ್ದರು. "ನಗೋದೂ ಬೇಡ, ಗಂಟಲು!" ಅಂತ ಗದರಿದೆ. ಅಕ್ಕ ಆ ಕಲ್ಲಿನ ಫೋಟೋ ತೆಗೆದುಕೊಂಡರು.

ಬಿಸಿಲು ಇಳೀತಾ ಇದ್ದಾಗ ಕಾರು ಎತ್ತರದ ಒಂದು ತಿರುವಿಗೆ ಬಂತು. ಯಾರೂ ನಿಲ್ಲಿಸಿ ಅನ್ನಲಿಲ್ಲ, ಯಜಮಾನರೇ ನಿಲ್ಲಿಸಿದರು. ಕೈಸನ್ನೆ ಮಾಡ್ತಾರೇನೋ ಅಂತ ಕಾದೆ. ಮಾಡಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೇ ಇತ್ತು. ಎಲ್ಲರೂ ಇಳಿದರೂ ಅವರು ಇಳಿಯಲಿಲ್ಲ. ಕೆಳಗೆ ನಮ್ಮೂರು ಅಂಗೈಯಲ್ಲಿಟ್ಟ ಹಾಗೆ ಕಾಣ್ತಿತ್ತು. ಕಟ್ಟೆ, ಲಾಂಚು, ಮಾರ್ಕೆಟ್ಟಿನ ಮಾಡು, ಲಾಡ್ಜಿನ ತಾರಸಿ. ನನ್ನ ಹಗ್ಗಗಳೂ ಕಾಣ್ತಿದ್ದವು, ಖಾಲಿ.

ತಂಗಿ ಬಗ್ಗಿ ನೋಡಿ, "ಅಕ್ಕಾ, ಅಣ್ಣ ಹೇಳಿದ್ದು ಇದೇ ಜಾಗ" ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು. "ಇವರು ಎಲ್ಲರನ್ನೂ ಇಲ್ಲಿಗೆ ಕರ್ಕೊಂಡು ಬಂದು ಆ ತಾರಸಿ ತೋರಿಸ್ತಾರಂತೆ. ಅಲ್ಲಿ ಬಿಳೀ ಬಟ್ಟೆ ಒಣಗಿಸ್ತಾ ಇರೋಳು ನನ್ನ ಹೆಂಡತಿ ಅಂತಾರಂತೆ. ದಿನಾ ಇಲ್ಲಿಂದ ಅವಳನ್ನ ನೋಡ್ತೀನಿ, ಅವಳಿಗೆ ಗೊತ್ತಿಲ್ಲ, ಊರಿಗೆಲ್ಲ ಈ ದ್ವೀಪ ತೋರಿಸಿದೆ, ಅವಳಿಗೊಬ್ಬಳಿಗೆ ತೋರಿಸಲಿಲ್ಲ, ಕೇಳಿದಾಗ ಏನೋ ಹೇಳಿ ಬಾಯಿ ಮುಚ್ಚಿಸಿದೆ, ಈಗ ಕರೆಯೋಕೆ ನಾಚಿಕೆ ಅಂತ. ಅಣ್ಣ ನಮಗೆ ಇನ್ನೊಂದು ಮಾತೂ ಹೇಳಿ ಕಳಿಸಿದ್ದಾನೆ. ಹೆಂಡತೀನ ಕರ್ಕೊಂಡು ಬಂದ್ರಾ ಅಂತ ಕೇಳ್ಕೊಂಡು ಬನ್ನಿ ಅಂತ. ಇವತ್ತು ಅಲ್ಲಿ ಯಾರೂ ಕಾಣಿಸ್ತಿಲ್ಲ. ಕರ್ಕೊಂಡು ಬಂದ್ರಂತಾ? ಸ್ವಲ್ಪ ಕೇಳ್ರೀ ಅವರನ್ನ."

ದಿನಾ ಕ್ಲಿಪ್ಪು ಕಚ್ಕೊಂಡು, ಕೂದಲು ಕೆದರಿಕೊಂಡು, ಒದ್ದೆ ಶೀಟಿನ ಜೊತೆ ಗುದ್ದಾಡೋ ನನ್ನನ್ನ ಇಷ್ಟೆತ್ತರದಲ್ಲಿ ನಿಂತು ಊರವರಿಗೆಲ್ಲ ತೋರಿಸ್ತಿದ್ದರಾ ಈ ಮನುಷ್ಯ! ಸಿಟ್ಟೂ ಬಂತು, ಅಳುವೂ ಬಂತು, ಯಾವುದು ಮೊದಲು ಬಂತೋ ಗೊತ್ತಾಗಲಿಲ್ಲ.

ತಿರುಗಿ ನೋಡಿದೆ. ಯಜಮಾನರು ಕಾರಿಂದ ಇಳಿದು ನನ್ನ ಹತ್ತಿರವೇ ಬಂದುಬಿಟ್ಟಿದ್ದರು. ಕಣ್ಣು ಕೆಂಪಾಗಿತ್ತು. ಉಸಿರು ಎಳೆದುಕೊಂಡರು, ತುಟಿ ಬಿಚ್ಚಿತು. ಇಷ್ಟು ದಿನ ಕಾಪಾಡಿದ್ದನ್ನೆಲ್ಲ ಒಂದು ಮಾತಿಗೆ ಸುರಿದುಬಿಡೋಕೆ ತಯಾರಾಗಿದ್ದರು. ನನಗೆ ಬೇರೇನೂ ತೋಚಲಿಲ್ಲ. ಓಡಿಹೋಗಿ ಅವರ ಬಾಯಿ ಮೇಲೆ ಕೈ ಒತ್ತಿ ಹಿಡಿದೆ.

"ಅಯ್ಯಯ್ಯೋ, ಗೈಡು ಡ್ರೈವರ್ ಬಾಯಿ ಯಾಕೆ ಮುಚ್ತಾರೆ!" ಅಂದರು ಅಕ್ಕ.

"ಕರ್ಕೊಂಡು ಬಂದಿದ್ದಾರೆ" ಅಂದೆ ನಾನು, ತಂಗಿಗೆ. ಕೈ ತೆಗೀಲಿಲ್ಲ.

"ಹೌದಾ! ಅವರಿಗೆ ಇಷ್ಟ ಆಯ್ತಂತಾ?"

"ಇಷ್ಟು ವರ್ಷ ಯಾಕೆ ಬಚ್ಚಿಟ್ರಿ ಅಂತ ಬೈತಾ ಇದ್ದಾಳೆ."

ತಂಗಿ ನನ್ನ ಕೈ ನೋಡಿದಳು, ಅವರ ಕಣ್ಣು ನೋಡಿದಳು. ಆಮೇಲೆ ಅಕ್ಕನ ತೋಳು ಹಿಡಿದು, "ಬಾ ಅಕ್ಕಾ, ಆ ಕಡೆ ಏನೋ ಇದೆ, ನೋಡ್ಕೊಂಡು ಬರೋಣ" ಅಂತ ಎಳ್ಕೊಂಡು ಹೋದಳು. ಆ ಕಡೆ ಏನೂ ಇರಲಿಲ್ಲ. ಬೆಳಗ್ಗೆಯಿಂದ ಕೂತಲ್ಲಿಂದ ಏಳದ ಹುಡುಗಿ ಆವತ್ತು ನಡೆದದ್ದು ಅಷ್ಟೇ. ಅವರ ಕಣ್ಣೀರಿಗೆ ನನ್ನ ಕೈ ಒದ್ದೆಯಾಗ್ತಾ ಇತ್ತು, ಆದರೆ ಅವರ ಗಂಟಲಿಂದ ಒಂದು ಸದ್ದೂ ಹೊರಡಲಿಲ್ಲ. ಕೆಳಗೆ ಲಾಂಚು ಕೂಗೋವರೆಗೂ ಹಾಗೇ ನಿಂತಿದ್ವಿ.

ಆಮೇಲೂ ಅವರು ನಿಯಮ ಮುರೀಲಿಲ್ಲ. ಡಾಕ್ಟರು ಕರೆದ ದಿನ ಜೊತೆಗೆ ನಾನೂ ಹೋದೆ. ಒಳಗೆಲ್ಲ ಬೆಳಕು ಬಿಟ್ಟು ನೋಡಿ, "ಮಾಯ್ದಿದೆ. ಎಲ್ಲಿ, ಮೆಲ್ಲಗೆ ಏನಾದ್ರೂ ಮಾತಾಡಿ, ಕೇಳೋಣ" ಅಂದರು. ಧ್ವನಿ ಬರದಿದ್ರೆ? ಯಜಮಾನರು ಡಾಕ್ಟರ ಕಡೆ ನೋಡಲೇ ಇಲ್ಲ. ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ನಿಜವಾಗ್ಲೂ ಇಷ್ಟ ಆಯ್ತೇನೇ?" ಅಂದರು.

ಸ್ವಲ್ಪ ಒರಟು, ಆದರೆ ಅವರದ್ದೇ ಧ್ವನಿ. ಇಷ್ಟು ದಿನ ಆ ಪ್ರಶ್ನೆಯೊಂದನ್ನೇ ಬಾಯಲ್ಲಿ ಇಟ್ಟುಕೊಂಡು ಕೂತಿದ್ದರು.

"ಆಯ್ತು ರೀ, ತುಂಬಾ ಇಷ್ಟ ಆಯ್ತು" ಅಂದೆ. ಡಾಕ್ಟರ ಎದುರೇ ಅತ್ತೆ.