ನಾನು ನುಂಗದ ತುತ್ತು

೧೯೫೮ರ ಮೇ ೧೧, ಭಾನುವಾರ, ಮಧ್ಯಾಹ್ನ ಒಂದೂ ಕಾಲು. ನಂದಿದುರ್ಗ ಚಿನ್ನದ ಗಣಿಯ ಕೆಲಸಗಾರರ ಲೈನಿನ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ, ಸಾರಿನಲ್ಲಿದ್ದ ಕುರಿಮೂಳೆಯ ಚೂರೊಂದು ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ಉಗುಳು ನುಂಗಿದರೂ ಚುಚ್ಚುತ್ತಿತ್ತು.

ಅಜ್ಜಿ ರಾಗಿಮುದ್ದೆಯ ದೊಡ್ಡ ತುತ್ತನ್ನು ಸಾರಿನಲ್ಲಿ ಅದ್ದಿ ನನ್ನ ಬಾಯಿಗೆ ಹಿಡಿದಳು. "ಅಗೀಬ್ಯಾಡ, ಅಂಗೇ ನುಂಗು. ಮುದ್ದೆ ಮೂಳೇನ ತಳ್ಕೊಂಡು ಓಗುತ್ತೆ."

ನಮ್ಮ ಕಡೆ ಎಲ್ಲರೂ ಮಾಡುವುದು ಹೀಗೆಯೇ. ಹಿಂದಿನ ವರ್ಷ ಪಕ್ಕದ ಮನೆಯ ಅಕ್ಕನೂ ಹಾಗೇ ನುಂಗಿ, ರಕ್ತ ಕಾರಿ, ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಳು. ಆ ದಿನಗಳನ್ನು ಎಣಿಸಿ ನನ್ನ ಡೈರಿಯಲ್ಲಿ ಬರೆದಿಟ್ಟವಳು ನಾನೇ. ಮಾತಾಡಿದರೆ ಚುಚ್ಚುತ್ತಿದ್ದುದರಿಂದ ಅದೇ ಡೈರಿಯಲ್ಲಿ ‘ನುಂಗುವುದಿಲ್ಲ’ ಎಂದು ಬರೆದು, ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಮಾವನಿಗೆ ತೋರಿಸಿದೆ.

"ಅಮ್ಮೋ, ನಿನ್ ಮೊಮ್ಮಗಳಿಗೆ ಮುದ್ದೆ ನುಂಗಕ್ಕೂ ಡಾಕ್ಟ್ರು ಬೇಕಂತೆ" ಎಂದು ಮಾವ ನಕ್ಕ.

ನಾನು ಎದ್ದು ಒಬ್ಬಳೇ ಆಸ್ಪತ್ರೆಗೆ ನಡೆದೆ. ಡಾಕ್ಟರು ಹಣೆಗೆ ಕನ್ನಡಿ ಕಟ್ಟಿಕೊಂಡು, ನಾಲಿಗೆ ಒತ್ತಿ ಹಿಡಿದು, ಉದ್ದನೆಯ ಇಕ್ಕಳದಿಂದ ಮೂಳೆ ತೆಗೆದರು. ಆಗ ಮೂರೂ ಹತ್ತು.

"ಮೂಳೆಯ ಮೇಲೆ ನೀನು ಏನೂ ನುಂಗಲಿಲ್ಲ, ಅದಕ್ಕೇ ಕೈಗೆ ಸಿಕ್ಕಿತು" ಎಂದರು.

ಮೂಳೆಯನ್ನು ಹತ್ತಿಯಲ್ಲಿ ಸುತ್ತಿ ತಂದು ಅಜ್ಜಿಯ ಮುಂದಿಟ್ಟೆ. ಅವಳು ಸೋಲಲಿಲ್ಲ. "ನಮ್ಮತ್ತೆ ಕಾಲ್ದಿಂದ ಮುದ್ದೇಲೇ ಇಳ್ಸಿರೋದು ಕಣೇ."

"ಇಳೀದೇ ಇದ್ದೋರ್ನ ಯಾರಾದ್ರೂ ಎಣಿಸಿದ್ರಾ, ಅಜ್ಜಿ?"

ಅಂದಿನಿಂದ ನಾನು ಎಣಿಸುತ್ತಿದ್ದೇನೆ. ಮೂಳೆ ಇಳಿದವರ ಕಥೆಯನ್ನು ಎಲ್ಲರೂ ಕರೆದು ಹೇಳುತ್ತಾರೆ, ಅದು ನನಗೆ ಸಾಕಾಗಿದೆ. ಗಣಿಯವರಾಗಲಿ, ಬಂಗಾರಪೇಟೆ ಕಡೆಯವರಾಗಲಿ, ಇಳಿಯದವರ ಕಥೆ ಗೊತ್ತಿದ್ದರೆ ತಾರೀಖಿನ ಸಮೇತ ನನಗೆ ಬರೆಯಿರಿ.