ಕಂಬಿಯ ಮೇಲಿನ ಗೀರು

ಅವರ ಬಲಗೈ ಹೆಬ್ಬೆರಳಿನ ಉಗುರು ತಿರುಪುಳಿಯ ತುದಿಯಂತೆ ಚಪ್ಪಟೆಯಾಗಿತ್ತು. ಅದರ ಅಂಚಿನಲ್ಲಿ ಯಾವ ಸೋಪಿಗೂ ಹೋಗದ ಎಣ್ಣೆಯ ಕಪ್ಪು ಗೆರೆ. ಸಣ್ಣ ತಿರುಪುಗಳನ್ನು ಅವರು ಆ ಉಗುರಿನಿಂದಲೇ ಸಡಿಲಿಸುತ್ತಿದ್ದರು. ಹೊಳೆನರಸೀಪುರದ ಪೇಟೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವುದು ಅವರ ಕಸುಬು. ಹೇಮಾವತಿಯಲ್ಲಿ ಗಾಳ ಹಾಕುವವರು ಬಿದಿರುಕಡ್ಡಿ ಬಿಟ್ಟು ರಾಡು, ರೀಲು ಹಿಡಿಯತೊಡಗಿದ ಮೇಲೆ ಅವರ ಮೇಜಿನ ಮೇಲೆ ರೀಲುಗಳೂ ಬಂದು ಕುಳಿತವು. ನಮಗೆಲ್ಲ ಅವರು 'ಮಿಷನ್ ರಿಪೇರಿಯವರು'. ಹೆಸರು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ.

ಹೊಳೆಯ ದಡದಲ್ಲಿ ಅವರ ಕುರಿತು ಒಂದು ಮಾತಿತ್ತು: ರಿಪೇರಿಗೆ ಕೊಟ್ಟ ರೀಲಿನ ಒಳಗಿನ ಒಳ್ಳೆಯ ಕಂಬಿ, ಬೇರಿಂಗುಗಳನ್ನು ತೆಗೆದುಕೊಂಡು ಸವೆದದ್ದನ್ನು ಕೂರಿಸಿ ಕೊಡುತ್ತಾರೆ ಎಂದು. ಏಳನೆಯ ತರಗತಿಗೆ ಶಾಲೆ ಬಿಟ್ಟ ನಾನು ಮುಂದಿನದೆಲ್ಲವನ್ನೂ ಪುಸ್ತಕ ಓದಿಯೇ ಕಲಿತವನು. ಕೊರವಂಗಲದ ದೇವಸ್ಥಾನದ ಬಗ್ಗೆ ಜನ ಹೇಳುವ ಕಥೆಯನ್ನೂ ಶಾಸನದ ಪಾಠ ನೋಡದೆ ಒಪ್ಪಿದವನಲ್ಲ. ಈ ಮಾತನ್ನು ಒಪ್ಪುವುದಕ್ಕೂ ತಳ್ಳಿಹಾಕುವುದಕ್ಕೂ ಮುಂಚೆ ಪರೀಕ್ಷಿಸಿಬಿಡೋಣ ಎಂದುಕೊಂಡೆ.

ರೀಲಿನಲ್ಲಿ ದಾರ ಸುತ್ತುವ ಸುರುಳಿಯನ್ನು ತೆಗೆಯಲು ಯಾವ ಸಾಧನವೂ ಬೇಡ. ಅದರ ಅಡಿಯಲ್ಲಿ ಕನ್ನಡಿಯಂತೆ ಹೊಳೆಯುವ ಉಕ್ಕಿನ ಕಂಬಿ ಕಾಣುತ್ತದೆ. ಅದರ ಬುಡದಲ್ಲಿ ಗೋಣಿ ಹೊಲಿಯುವ ದಬ್ಬಳದಿಂದ ಒತ್ತಿ ಒಂದು ಅಡ್ಡಗೀರು, ಒಂದು ಉದ್ದಗೀರು ಎಳೆದೆ. ಸುರುಳಿ ಮುಚ್ಚಿ ಅವರ ಮೇಜಿನ ಮೇಲಿಟ್ಟೆ.

ಅವರು ಯಾವ ರೀಲನ್ನೂ ಬಿಚ್ಚುವ ಮೊದಲು ಮೂಗಿನ ಬಳಿ ಹಿಡಿಯುತ್ತಿದ್ದರು. ನನ್ನದನ್ನು ಮೂಸಿ, "ಕೊಬ್ರಿ ಎಣ್ಣೆ ಬುಟ್ಟಿದ್ದೀರಿ ಗೌಡ್ರೆ. ಇದೇನು ತಲೆ ಕೆಟ್ಟೋಯ್ತಾ? ಚಳಿಗೆ ಗೋಂದು ಆಯ್ತದೆ" ಎಂದರು. ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ನನ್ನ ಅನುಮಾನ ಹೆಚ್ಚಿತು. ಇಷ್ಟು ತಿಳಿದವನಿಗೆ ಕಂಬಿ ಬದಲಾಯಿಸುವುದು ಎಷ್ಟರ ಕೆಲಸ?

ಸಂಜೆ ರೀಲು ಕೈಗೆ ಬಂತು, ಜೊತೆಗೆ ಪತ್ರಿಕೆಯ ತುಂಡಿನಲ್ಲಿ ಸುತ್ತಿ ಹೊಲಿಗೆ ದಾರದಿಂದ ಕಟ್ಟಿದ ಪೊಟ್ಟಣವೂ ಬಂತು. ಒಳಗೆ ಸವೆದ ಒಂದು ವಾಷರು. ತೆಗೆದ ಸಾಮಾನನ್ನು ಎಲ್ಲರಿಗೂ ಹೀಗೆಯೇ ಹಿಂದಿರುಗಿಸುವುದು ಅವರ ರೂಢಿ. ಮನೆಗೆ ಬಂದು ಸುರುಳಿ ತೆಗೆದು ನೋಡಿದೆ. ಗೀರು ಇತ್ತು. ನ್ಯಾಯವಾಗಿ ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ, ಗುರುತು ಕಂಡು ಎಚ್ಚೆತ್ತುಕೊಂಡಿರಬೇಕು ಎಂದು ನಾನು ತೀರ್ಮಾನಿಸಿದೆ. ದಡದಲ್ಲಿ ಗೆಳೆಯರು ಕೇಳಿದಾಗ, "ಇನ್ನೂ ನೋಡಬೇಕು. ಆಸಾಮಿ ಬಲು ಜಾಣ" ಎಂದೆ. ಅಷ್ಟೇ ಅಂದದ್ದು.

ಮುಂದಿನ ವರ್ಷ ಹಿಡಿಕೆ ತಿರುಗಿಸಿದರೆ ಸುರುಳಿ ಏರಿಳಿಯುವಾಗ ಕರಕರ ಎನ್ನತೊಡಗಿತು. ಕಂಬಿಗೆ ತುಕ್ಕು ಹಿಡಿದಿತ್ತು. ಸಿಹಿನೀರಿನಲ್ಲಿ ರೀಲಿಗೆ ತುಕ್ಕು ಬರುವುದಿಲ್ಲ, ಅದೆಲ್ಲ ಸಮುದ್ರದವರ ತಾಪತ್ರಯ ಎಂದು ಮೊಬೈಲಿನ ವಿಡಿಯೊದವರೂ ದಡದವರೂ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಹಾಗಾದರೆ ಇದು ನನ್ನ ಕಂಬಿಯಲ್ಲ! ಹೋದ ವರ್ಷವೇ ನನ್ನ ಗೀರನ್ನು ನೋಡಿಕೊಂಡು ಇನ್ನೊಂದರ ಮೇಲೆ ಅಂಥದೇ ಗೀರು ಎಳೆದಿದ್ದಾರೆ ಎಂಬಲ್ಲಿಯವರೆಗೆ ನನ್ನ ತರ್ಕ ಹೋಯಿತು. ಅಂಗಡಿಗೆ ಹೋಗಿ ಅದನ್ನೇ ಹೇಳಿಯೂಬಿಟ್ಟೆ.

ಅವರು ಸಿಟ್ಟಾಗಲಿಲ್ಲ. ಕಂಬಿಯನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಾಗಿಲ ಬೆಳಕಿಗೆ ಹಿಡಿದರು.

"ಮ್ಯಾಲೆ ನೋಡಿ, ಕನ್ನಡಿ ಇದ್ದಂಗೈತೆ. ತುಕ್ಕು ಎಲ್ಲೈತೆ? ನಿಮ್ ದಬ್ಬಳ ಓದ ದಾರೀಲೇ ಓಗೈತೆ. ಮ್ಯಾಲಿನ ನಿಕ್ಕಲ್ ಮುಲಾಮು ಕಿತ್ತೋದ್ರೆ ಸಿಹಿನೀರೇನು, ಮಂಜೂ ಸಾಕು."

ನಾನು ಬಗ್ಗಿ ನೋಡಿದೆ. ತುಕ್ಕು ಅಡ್ಡಕ್ಕೊಂದು ಉದ್ದಕ್ಕೊಂದು ಗೆರೆಯಾಗಿ ಹೊರಟು ಸುತ್ತ ಹರಡಿತ್ತು. ಗುರುತನ್ನು ಆಗಲೇ ನೋಡಿದ್ದಿರಾ ಎಂದು ಕೇಳಿದೆ.

"ನೋಡ್ದೆ. ಅದ್ರ ಮ್ಯಾಲೊಂದು ತೊಟ್ಟು ಎಣ್ಣೇನೂ ಬುಟ್ಟೆ. ಯೋಳಿದ್ರೆ ನಿಮ್ಗೆ ನಾಚ್ಕೆ ಆಯ್ತದೆ ಅಂತ ಸುಮ್ಕಾದೆ."

ಅಂದು ಅವರು ಒಂದು ಗಂಟೆ ಕೂರಿಸಿಕೊಂಡು ಕಲಿಸಿದ್ದನ್ನು ಯಾವ ಪುಸ್ತಕವೂ ನನಗೆ ಕಲಿಸಿರಲಿಲ್ಲ. ನಲ್ಲಿಯ ಕೆಳಗೆ ರೀಲು ಹಿಡಿಯಬಾರದು, ನೀರಿನ ರಭಸ ಮರಳನ್ನು ಒಳಕ್ಕೆ ತಳ್ಳುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಸುರುಳಿಯ ಬಿಗಿ ಸಡಿಲಿಸಿ, ನೆರಳಿನಲ್ಲಿ ಒಣಗಿಸಬೇಕು. ಮಿಷನ್ ಎಣ್ಣೆ ಒಂದು ತೊಟ್ಟು, ಎರಡಲ್ಲ. ಹಸಿ ರೀಲನ್ನು ರೆಕ್ಸಿನ್ ಚೀಲದಲ್ಲಿಟ್ಟು ಜಿಪ್ಪು ಎಳೆಯುವುದಂತೂ ಕೂಡದು. "ನೀರು ಕೆಡಿಸಾಕಿಲ್ಲ ಗೌಡ್ರೆ, ಮುಚ್ಚಿಮಡಗಿದ್ದು ಕೆಡಿಸ್ತದೆ" ಎಂದರು.

ಹೊರಡುವಾಗ ನಾನು ಕ್ಷಮೆಯ ಮಾತು ತೆಗೆದೆ. ಅವರು ಕೈ ಅಡ್ಡ ಹಿಡಿದರು.

"ನನ್ತವ ಬ್ಯಾಡ, ಒಳೆ ದಡದೋರ್ತವ ಯೋಳಿ. ತಾವು ಬಿಚ್ಚಿ ನೋಡಾಕಾಗದ್ನ ಜನ ನನ್ ಕೈಗೆ ಕೊಡ್ತಾರೆ. ನಂಬ್ಕೆ ಓದ್ರೆ ನಂಗಿನ್ನೇನೈತೆ?"

ಹೇಳಿದೆ, ಹೇಳಲಿಲ್ಲವೆಂದಲ್ಲ. ಆದರೆ ತಿಂಗಳು ಕಳೆದ ಮೇಲೆ, ದಡದಲ್ಲಿ ಇಬ್ಬರೇ ಇದ್ದಾಗ, ತಗ್ಗಿದ ದನಿಯಲ್ಲಿ. ಅವರಿಬ್ಬರೂ ನೀರಿನ ಮೇಲಿನ ಬೆಂಡನ್ನು ನೋಡುತ್ತಲೇ ಹೂಂಗುಟ್ಟಿದರು. ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ರಿಪೇರಿಯವರ ಮೇಜಿನ ಮೇಲೆ ರೀಲುಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದದ್ದನ್ನು ಕಂಡೂ ಕಾರಣವನ್ನು ಬೇರೆಲ್ಲೋ ಹುಡುಕಿದೆ.

ಹೋದ ಮಾಗಿಯಲ್ಲಿ ಅವರು ತೀರಿಕೊಂಡರು. ಮುಚ್ಚಿದ ಅಂಗಡಿಯ ಮುಂದೆ ನಿಂತಿದ್ದಾಗ, ಹಳ್ಳಿಮೈಸೂರಿನ ಗಾಳ ಹಾಕುವ ನನ್ನ ಹಳೆಯ ಜೊತೆಗಾರನೊಬ್ಬ ಪಕ್ಕಕ್ಕೆ ಬಂದ. ಕೈಚಳಕ ಬಲ್ಲವರಾಗಿದ್ದರು ಎಂದು ಹೊಗಳಿ, ಆದರೆ ಒಳಗಿನ ಸಾಮಾನು ಬದಲಾಯಿಸುತ್ತಿದ್ದರಂತಲ್ಲ ಎಂದ.

ನನಗೆ ರೇಗಿತು. ಹೇಳಿದವರು ಯಾರು, ಕಣ್ಣಾರೆ ಕಂಡವರು ಯಾರು ಎಂದು ಗದರಿದೆ.

ಅವನು ನನ್ನ ಮುಖವನ್ನೇ ನೋಡಿದ. "ಮೊದ್ಲು ಯಾರ್ ಅಂದ್ರೋ ನಾ ಕಾಣೆ. ನಾನಂತೂ ನಂಬಿರ್ನಿಲ್ಲ. ನೀವೇ ಅಲ್ವಾ ಗೌಡ್ರೆ, 'ಆಸಾಮಿ ಬಲು ಜಾಣ' ಅಂದಿದ್ದು? ಪರೀಕ್ಸೆ ಮಾಡ್ದೆ ಮಾತಾಡೋರಲ್ಲ ನೀವು ಅಂತ ರೀಲ್ನ ಹಾಸನದ ಅಂಗ್ಡೀಗೆ ಕೊಡ್ತಾ ಬಂದೆ."

ಆ ಕಂಬಿಯನ್ನು ನಾನು ಬದಲಾಯಿಸಿಲ್ಲ. ಗಾಳ ಹಾಕಿ ಬಂದಾಗಲೆಲ್ಲ ಗೀರಿನ ಮೇಲೆ ಒಂದು ತೊಟ್ಟು ಎಣ್ಣೆ ಬಿಡುತ್ತೇನೆ. ತುಕ್ಕು ಅಲ್ಲಿಗೇ ನಿಂತಿದೆ. ಮಾತು ನಿಂತಿಲ್ಲ. ಮೊನ್ನೆ ಅರಕಲಗೂಡಿನ ಕಡೆಯವರೊಬ್ಬರು ದಡದಲ್ಲಿ ನನ್ನ ಪಕ್ಕ ಕುಳಿತು, ನಿಮ್ಮೂರಿನಲ್ಲಿ ಹಿಂದೆ ಒಬ್ಬ ರಿಪೇರಿಯವನಿದ್ದನಂತೆ ಎಂದು ಶುರುಮಾಡಿದರು. ನಾನು ಗಾಳ ಎಳೆದುಕೊಂಡೆ. ದಡದಲ್ಲಿದ್ದ ಉಳಿದವರನ್ನೂ ಹತ್ತಿರ ಕರೆದು, ಅವರೆಲ್ಲರ ಮುಂದೆ ಸುರುಳಿ ಬಿಚ್ಚಿದೆ.